ಉತ್ತರಸೂಚಿಯಲ್ಲಿ ಇಲ್ಲದ್ದು

ಕಳೆದ ತಿಂಗಳು ಕಲಬುರಗಿಯಿಂದ ಬಸವಕಲ್ಯಾಣಕ್ಕೆ ಹೊರಟಿದ್ದೆ. ತವರಿನಲ್ಲಿ ತಮ್ಮನ ಮೊಮ್ಮಗಳ ನಾಮಕರಣವಿತ್ತು. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಹತ್ತಿರ ರಸ್ತೆ ಕೆಲಸ ನಡೆದಿದ್ದರಿಂದ ಬಸ್ಸು ಸ್ವಲ್ಪ ಹೊತ್ತು ನಿಂತಿತು. ತೆರೆದ ಕಿಟಕಿಯಿಂದ ಆ ವಾಸನೆ ಬಂತು. ಮೊದಲು ಸ್ಪಿರಿಟ್ಟಿನಂತೆ ಮೂಗಿಗೆ ಚುರ್ ಎನ್ನಿಸಿ ಆಮೇಲೆ ಗಂಟಲಲ್ಲಿ ಕಹಿಯಾಗಿ ಕೂರುವ ವಾಸನೆ. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಕಿಡಕಿ ಹಾಕ್ರಿ, ತಲಿ ನೋಯಾಕತ್ತದ" ಅಂದಳು. ಹಾಕಿದೆ. ಅಷ್ಟರಲ್ಲಿ ಸುಜಾತಾ ನೆನಪಾಗಿಬಿಟ್ಟಿದ್ದಳು.

ಅದು 1997ರ ಜೂನ್. ನನಗೆ ಇಪ್ಪತ್ತೇಳು ವರ್ಷ. ಹುಮನಾಬಾದಿನ ಹೊರಗಿದ್ದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಬಸವಕಲ್ಯಾಣದಲ್ಲಿ ನಮ್ಮ ತಂದೆಯದು ಬಟ್ಟೆ ಅಂಗಡಿ. ವಾರದ ಐದು ದಿನ ಹುಮನಾಬಾದಿನ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಊರಿಗೆ ಹೋಗುತ್ತಿದ್ದೆ. ಆ ವರ್ಷ ನಮ್ಮ ವಿಷಯದ ಪುಸ್ತಕ ಬದಲಾಗಿತ್ತು. ಹಳೆಯ ಪುಸ್ತಕದಲ್ಲಿ ಪಾಠ ಮುಗಿದ ಮೇಲೆ ಪ್ರಶ್ನೆಗಳಿರುತ್ತಿದ್ದವು, ಅಷ್ಟೇ. ಹೊಸದರಲ್ಲಿ ಪ್ರತಿ ಪಾಠದ ಕೊನೆಗೂ ಒಂದು ಚೌಕ. ಅದರೊಳಗೆ, ನಿಮ್ಮ ಊರಿನಲ್ಲಿ ನೋಡಿ, ಹಿರಿಯರನ್ನು ಕೇಳಿ, ನಿಮಗೇನು ಅನ್ನಿಸಿತೋ ಬರೆಯಿರಿ ಎಂಬಂಥ ಕೆಲಸಗಳು. ಇದನ್ನು ಹೇಗೆ ಕಲಿಸಬೇಕೆಂದು ತಿಳಿಸಲು ಬೇಸಿಗೆಯಲ್ಲಿ ನಮಗೆಲ್ಲ ಐದು ದಿನದ ತರಬೇತಿ ಕೊಟ್ಟರು. ತರಬೇತಿಗೆ ಬಂದಿದ್ದ ಸಾಹೇಬರು, "ಈ ಚೌಕವೇ ಪುಸ್ತಕದ ಜೀವ. ಮಕ್ಕಳು ಬಾಯಿಪಾಠ ಮಾಡಬಾರದು, ಯೋಚಿಸಬೇಕು" ಅಂದರು. ನಾನು ಅದನ್ನು ಡೈರಿಯಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದೆ.

ನನ್ನ ಹಿಂದಿನ ಬೆಂಚಿನಲ್ಲಿ ನಿರ್ಣಾದ ಕಡೆಯ ಹಿರಿಯ ಮಾಸ್ತರರೊಬ್ಬರು ಕೂತಿದ್ದರು. ಅವರು ಎದ್ದು ನಿಂತು, "ಸಾಹೇಬ್ರ, ಇದು ಪರೀಕ್ಷಾದಾಗ ಬರ್ತದೇನ್ರಿ?" ಎಂದು ಕೇಳಿದರು.

"ನಿಧಾನಕ್ಕೆ ಅದೂ ಬದಲಾಗುತ್ತದೆ" ಎಂದು ಸಾಹೇಬರು ನಕ್ಕರು. ನಾವೂ ನಕ್ಕೆವು. ಮಾಸ್ತರರೊಬ್ಬರೇ ನಗದೆ ಕೂತರು. ಮುದುಕರಿಗೆ ಹೊಸದು ಬೇಕಿಲ್ಲ ಎಂದುಕೊಂಡೆ ನಾನು. ಅವರು ಕೇಳಿದ್ದೇ ಆ ಐದು ದಿನಗಳಲ್ಲಿ ಬೇರೆ ಯಾರೂ ಕೇಳದಿದ್ದ, ಕೇಳಬೇಕಾಗಿದ್ದ ಮಾತು ಎಂದು ತಿಳಿಯಲು ನನಗೆ ಪೂರ್ತಿ ಒಂದು ವರ್ಷ ಹಿಡಿಯಿತು.

ಹತ್ತನೇ ತರಗತಿಯಲ್ಲಿ ನಲವತ್ತೆರಡು ಮಕ್ಕಳಿದ್ದರು. ಅಡತಿ ಅಂಗಡಿಗಳಲ್ಲಿ ಧಾನ್ಯದ ಚೀಲ ಹೊರುವವರ ಮಕ್ಕಳು, ಕಿರಾಣಿ ಅಂಗಡಿಯವರ ಮಕ್ಕಳು, ಸುತ್ತಲಿನ ಹಳ್ಳಿಗಳಿಂದ ನಡೆದು ಬರುವವರು. ಮೊದಲ ವಾರ ನಾನು ಚೌಕದಲ್ಲಿದ್ದ ಪ್ರಶ್ನೆ ಕೇಳಿದಾಗ ತರಗತಿ ಗಪ್ಪಾಗಿಬಿಟ್ಟಿತು. ಅವರಿಗೆ ಉತ್ತರ ಗೊತ್ತಿರಲಿಲ್ಲ ಎಂದಲ್ಲ. ಪುಸ್ತಕದ ಯಾವ ಪುಟದಲ್ಲಿ ಹುಡುಕಬೇಕೆಂದು ಅವರು ಕಾಯುತ್ತಿದ್ದರು. ಒಂಬತ್ತು ವರ್ಷಗಳಿಂದ ಶಾಲೆ ಅವರಿಗೆ ಕಲಿಸಿದ್ದು ಅದನ್ನೇ. ಪ್ರಶ್ನೆ ಎಂದರೆ ಎಲ್ಲೋ ಆಗಲೇ ಬರೆದಿಟ್ಟ ಉತ್ತರ.

ಮೂರನೇ ವಾರ ಹುಡುಗಿಯರ ಸಾಲಿನ ಕೊನೆಯ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಹಳ್ಳಿಗಳ ಅಭಿವೃದ್ಧಿಯ ಪಾಠ ನಡೆದಿತ್ತು. ಸಣಕಲು ಹುಡುಗಿ, ಎಣ್ಣೆ ಹಚ್ಚಿ ಬಿಗಿದು ಹೆಣೆದ ಎರಡು ಜಡೆ, ಅಣ್ಣನದ್ದೋ ಯಾರದ್ದೋ ಇರಬಹುದಾದ ದೊಡ್ಡ ಅಂಗಿಯನ್ನು ಒಳಗೆ ಮಡಿಚಿ ಹೊಲಿದು ಹಾಕಿಕೊಂಡಿದ್ದಳು.

"ಮೇಡಂ, ಒಂದು ಕೇಳ್ಲೇನ್ರಿ?"

"ಕೇಳವ್ವ."

"ಈ ಪುಸ್ತಕ ಬರದವ್ರು ನಮ್ಮೂರಿಗೆ ಬಂದಿದ್ರೇನ್ರಿ?"

ಇಡೀ ತರಗತಿ ಗೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ, ನಾಚಲೂ ಇಲ್ಲ. ನಿಜವಾಗಿಯೂ ಉತ್ತರ ಬೇಕಾಗಿದ್ದವರ ಹಾಗೆ ನಿಂತೇ ಇದ್ದಳು. ಅವಳೇ ಸುಜಾತಾ. ಕೈಗಾರಿಕಾ ಪ್ರದೇಶದ ಆಚೆ ನಾಲಾದ ದಂಡೆಯ ಹಳ್ಳಿಯವಳು. ಬೌದ್ಧರ ಓಣಿಯ ಮಗಳು. ತಾಯಿ ಕೂಲಿಗೆ ಹೋಗುತ್ತಿದ್ದಳು. ತಂದೆ ಘಾಳೆಪ್ಪ ಮೊದಲು ಕಂಡವರ ಹೊಲದಲ್ಲಿ ದುಡಿಯುತ್ತಿದ್ದವನು, ನಾಲ್ಕು ವರ್ಷಗಳಿಂದ ಒಂದು ಔಷಧ ಕಾರಖಾನೆಯಲ್ಲಿ ಡ್ರಮ್ಮು ಹೊತ್ತು ಇಳಿಸುವ ಕೆಲಸದಲ್ಲಿದ್ದ.

"ಬಂದಿರಲಿಕ್ಕಿಲ್ಲ" ಎಂದೆ. "ಅದಕ್ಕೇ ನಿಮ್ಮೂರ ಸುದ್ದಿ ನೀವೇ ಬರೀಬೇಕು."

ಆ ದಿನದಿಂದ ತರಗತಿಯ ಬಾಯಿ ಕಟ್ಟಿದ್ದು ಬಿಚ್ಚಿತು. ಆ ಮಳೆಗಾಲ ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಒಂದೇ ಒಂದು ಸಲ ಬಂದದ್ದು. ಹೊರಗೆ ಜಿಟಿಜಿಟಿ ಮಳೆ, ಕಪ್ಪು ಮಣ್ಣು ಚಪ್ಪಲಿಗೆ ಹತ್ತಿ ಕಾಲು ಎತ್ತಲಾಗದಂಥ ದಾರಿ, ಸುತ್ತಲ ಹೊಲದಲ್ಲಿ ಉದ್ದು ಹೆಸರು ಮೊಣಕಾಲೆತ್ತರ. ಒಳಗೆ ತಗಡಿನ ಮೇಲೆ ಮಳೆಯ ಸದ್ದಿಗಿಂತಲೂ ಜೋರಾಗಿ ಮಕ್ಕಳ ಜಗಳ. ಹಮಾಲರ ಹುಡುಗನೊಬ್ಬ, ಮಾರುಕಟ್ಟೆಯಲ್ಲಿ ಬೆಲೆ ನಿಶ್ಚಯಿಸುವವರು ಯಾರು ಎಂದು ಮೂರು ಜನರನ್ನು ಕೇಳಿ ಮೂರು ಉತ್ತರ ತಂದಿದ್ದ. ಮೂರರಲ್ಲಿ ಯಾವುದು ಖರೆ ಎಂದು ಎರಡು ದಿನ ವಾದ ನಡೆಯಿತು. ನಾನು ತೀರ್ಪು ಹೇಳಲಿಲ್ಲ. ನನಗೂ ಗೊತ್ತಿರಲಿಲ್ಲ.

ಆಗಸ್ಟಿನಲ್ಲಿ ಕೈಗಾರಿಕೆಗಳ ಪಾಠ ಬಂತು. ಚೌಕದಲ್ಲಿ, ಸಮೀಪದ ಕೈಗಾರಿಕೆಯಿಂದ ನಿಮ್ಮ ಊರಿನಲ್ಲಾದ ಬದಲಾವಣೆಗಳನ್ನು ತಿಳಿದು ಬನ್ನಿ ಎಂದಿತ್ತು. ಮಕ್ಕಳನ್ನು ಗುಂಪು ಮಾಡಿ ಕಳಿಸಿದೆ. ಎಲ್ಲರೂ ಪುಟದ ನಡುವೆ ಗೆರೆ ಎಳೆದು ಒಂದು ಕಡೆ ಫಾಯದಾ, ಇನ್ನೊಂದು ಕಡೆ ನುಕ್ಸಾನ ಎಂದು ಬರೆದುಕೊಂಡು ಬಂದರು. ಸುಜಾತಾ ಎರಡು ಗೆರೆ ಎಳೆದಿದ್ದಳು. ಫಾಯದಾದ ಕೆಳಗೆ, ಅಪ್ಪನಿಗೆ ವರ್ಷಪೂರ್ತಿ ಕೆಲಸ ಅದೆ, ಮನೆಗೆ ತಗಡು ಹಾಕಿಸಿದ್ದೇವೆ, ನಾನು ಶಾಲೆ ಬಿಟ್ಟಿಲ್ಲ. ನುಕ್ಸಾನದ ಕೆಳಗೆ, ಅಪ್ಪನ ಅಂಗೈ ಚರ್ಮ ಸುಲಿಯುತ್ತದೆ, ರಾತ್ರಿ ವಾಸನೆಗೆ ತಮ್ಮ ಕೆಮ್ಮುತ್ತಾನೆ. ಮೂರನೆಯ ಭಾಗಕ್ಕೆ ಅವಳು ಇಟ್ಟ ಹೆಸರು 'ಗೊತ್ತಿಲ್ಲ'. ಅದರ ಕೆಳಗೆ ಹೀಗಿತ್ತು: ನಾಲಾದ ನೀರನ್ನು ಎಮ್ಮೆ ಕುಡಿಯುವುದಿಲ್ಲ. ಇದು ಕಾರಖಾನೆಯಿಂದ ಅಂತ ಎಲ್ಲರೂ ಅಂತಾರೆ. ಆದರೆ ನಾವು ಯಾರೂ ನೀರು ಪರೀಕ್ಷೆ ಮಾಡಿಸಿಲ್ಲ. ಊರಿನ ಹೊಲಸೂ ಅದೇ ನಾಲಾಕ್ಕೆ ಹೋಗುತ್ತದೆ.

ನಾನು ಆ ಪುಟವನ್ನು ಎರಡು ಸಲ ಓದಿದೆ. ಬಿ.ಎಡ್.ನಲ್ಲಿ ನನಗೆ ಕಲಿಸಿದ ಯಾರೂ ಹೀಗೆ ಎರಡನೇ ಗೆರೆ ಎಳೆದದ್ದನ್ನು ನಾನು ಕಂಡಿರಲಿಲ್ಲ.

"ಈ ಗೊತ್ತಿಲ್ಲ ಅನ್ನೋದು ನಿನಗ ಯಾರ ಹೇಳಿಕೊಟ್ರು?" ಎಂದು ಕೇಳಿದೆ.

"ಯಾರೂ ಇಲ್ರಿ. ಗೊತ್ತಿಲ್ಲದ್ದು ನುಕ್ಸಾನದಾಗ ಬರದ್ರ ಸುಳ್ಳ ಆಗ್ತದ. ಬಿಟ್ರೂ ಸುಳ್ಳ ಆಗ್ತದ. ಅದಕ್ಕ."

ಅವಳ ಅಪ್ಪ ಒಂದು ಶನಿವಾರ ಶಾಲೆಗೆ ಬಂದ. ದೂರು ತಂದಿರಬಹುದೆಂದು ಅಂಜಿದೆ. ಅವನು ಬಂದದ್ದು ಬೇರೆ ಮಾತಿಗೆ. "ಮೇಡಂ, ಆಕಿ ಸೋದರಮಾವನ ಮಗನಿಗಿ ಕೇಳಾಕತ್ತಾರ. ಮಹಾರಾಷ್ಟ್ರದಾಗ ಉಮರ್ಗಾ ಕಡಿಯವ್ರು. ನಾ ಹೇಳೀನಿ, ಹತ್ತನೆತ್ತದಾಗ ಫಸ್ಟ್ ಕ್ಲಾಸ್ ಬಂದ್ರ ಹಾಸ್ಟೆಲ್‌ನಾಗ ಸೀಟ್ ಸಿಗ್ತದ, ಬಸವಕಲ್ಯಾಣದಾಗ ಕಾಲೇಜಿಗಿ ಹಚ್ತೀನಿ, ಟೀಚರ್ ಮಾಡ್ತೀನಿ. ಬರದಿದ್ರ ಲಗ್ನ. ಮಾತ ಕೊಟ್ಟೀನಿ. ನೀವು ಹೇಳ್ರಿ, ಬರ್ತಾಳೇನು?"

"ಇಂಥ ಹುಷಾರ್ ಹುಡುಗಿ ನಾನು ನೋಡೇ ಇಲ್ಲ" ಎಂದೆ. "ಬಂದೇ ಬರ್ತಾಳ."

ಅವನು ಎರಡೂ ಕೈ ಜೋಡಿಸಿದ. ಅಂಗೈ ಬೆಳ್ಳಗೆ ಸುಲಿದದ್ದು ಆಗ ನೋಡಿದೆ.

ನಮ್ಮ ಮುಖ್ಯ ಗುರುಗಳು ವೈಜಿನಾಥ ಮಾಸ್ತರರು. ಕೆಟ್ಟವರಲ್ಲ. ಹಿಂದಿನ ವರ್ಷ ಶಾಲೆಯ ಫಲಿತಾಂಶ ಬಿದ್ದುಹೋಗಿ, ಮೀಟಿಂಗಿನಲ್ಲಿ ಮೇಲಧಿಕಾರಿಗಳು ಎಲ್ಲರೆದುರು ನಿಲ್ಲಿಸಿ ಅವರನ್ನು ಬೈದಿದ್ದರಂತೆ. ಡಿಸೆಂಬರಿನಲ್ಲಿ ನನ್ನನ್ನು ಕರೆದು ಮೇಜಿನ ಮೇಲೆ ಒಂದು ಗೈಡು ಇಟ್ಟರು.

"ಸರೋಜಾ ಟೀಚರ್, ಇನ್ನೂ ಹನ್ನೊಂದು ಪಾಠ ಉಳದಾವ. ಆ ಚೌಕ ಬಿಡ್ರಿ. ಇದರಾಗಿನ ಸವಾಲ್ ಜವಾಬ್ ಬರಸ್ರಿ."

"ಸರ್, ಮಕ್ಕಳು ಈಗ ತಾವಾಗಿ ಯೋಚನೆ ಮಾಡಾಕತ್ತಾರ. ಬಾಯಿಪಾಠ ಮಾಡಸಿದ್ರ..."

"ಯೋಚನಾ ಮಾಡ್ಲಿ, ಬ್ಯಾಡ ಅಂದೋರ್ಯಾರು? ಪರೀಕ್ಷಾ ಆದಮ್ಯಾಲ ಮಾಡ್ಲಿ."

ಉಳಿದ ಪಾಠಗಳನ್ನು ನಾನು ಓಡೋಡಿ ಮುಗಿಸಿದೆ. ಆದರೆ ಗೈಡು ತೆರೆಯಲಿಲ್ಲ. ಫೆಬ್ರುವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮಕ್ಕಳು ತಮ್ಮ ಮಾತಿನಲ್ಲೇ ಬರೆದರು. ಅವು ನೋಡಲು ನೇರ್ಪಾಗಿರಲಿಲ್ಲ, ಒಂದು ಎರಡು ಮೂರು ಎಂಬ ಅಂಕಿಗಳಿರಲಿಲ್ಲ. ಆದರೆ ಓದಿದರೆ ಒಂದೊಂದು ಉತ್ತರದ ಹಿಂದೆಯೂ ಒಬ್ಬೊಬ್ಬರು ಕಾಣುತ್ತಿದ್ದರು. ಕೈ ತುಂಬ ಅಂಕ ಕೊಟ್ಟೆ. ಸುಜಾತಾಳಿಗೆ ನೂರಕ್ಕೆ ಎಂಬತ್ನಾಲ್ಕು.

ವೈಜಿನಾಥ ಮಾಸ್ತರರು ಅವಳ ಉತ್ತರ ಪತ್ರಿಕೆ ತಿರುವಿ ನೋಡಿದರು. ಕನ್ನಡಕ ತೆಗೆದು, "ಛಲೋ ಬರದಾಳ" ಅಂದರು. ಆಮೇಲೆ, "ನೀವು ಕೊಟ್ರಿ. ಅಲ್ಲಿ ಯಾರ ಕೊಡ್ತಾರ?" ಅಂದರು.

ಈಗ ಯೋಚಿಸಿದರೆ, ಆ ಎಂಬತ್ನಾಲ್ಕು ನಾನು ಅವಳಿಗೆ ಹೇಳಿದ ಸುಳ್ಳು. ಹೀಗೇ ಬರೆ, ಜಗತ್ತು ನಿನಗೆ ಇಷ್ಟೇ ಕೊಡುತ್ತದೆ ಎಂದು ಕೆಂಪು ಶಾಯಿಯಲ್ಲಿ ಬರೆದುಕೊಟ್ಟ ಹಾಗಾಯಿತು.

ಮಾರ್ಚಿನ ಕೊನೆಯಲ್ಲಿ ಪರೀಕ್ಷೆ. ಸಮಾಜ ವಿಜ್ಞಾನದ ದಿನ ನಾನು ಕೇಂದ್ರದ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದೆ. ಗಂಟೆ ಹೊಡೆದ ಮೇಲೆ ಸುಜಾತಾ ಓಡುತ್ತ ಬಂದಳು. ಬೆರಳೆಲ್ಲ ಶಾಯಿ.

"ಮೇಡಂ, ಕಾರಖಾನಿದು ಬಂದಿತ್ತರಿ! ಐದು ಮಾರ್ಕ್ಸಿಂದು. ಮೂರೂ ಬರದೀನಿ. ಬರಕೋತ ಬರಕೋತ ಟೈಮೇ ಹೋಯ್ತು, ನಕಾಶಿ ಒಂದು ಉಳೀತು."

"ಇರಲಿ ಬಿಡು" ಎಂದೆ. ಪ್ರಶ್ನೆ ಏನಿತ್ತೆಂದು ಅವಳ ಕೈಯಿಂದ ಪ್ರಶ್ನೆಪತ್ರಿಕೆ ತೆಗೆದುಕೊಂಡು ನೋಡಿದೆ. ಕೈಗಾರಿಕೆಗಳಿಂದಾಗುವ ಐದು ಅನುಕೂಲಗಳನ್ನು ಬರೆಯಿರಿ ಎಂದಿತ್ತು. ಅನುಕೂಲ ಮಾತ್ರ. ಅವಳ ಮುಖ ನೋಡಿ, ಪತ್ರಿಕೆ ಮಡಿಚಿ ಅವಳ ಕೈಗೇ ಕೊಟ್ಟೆ.

ಏಪ್ರಿಲ್‌ನಲ್ಲಿ ಉತ್ತರ ಪತ್ರಿಕೆ ತಿದ್ದಲು ಗುಲಬರ್ಗಾಕ್ಕೆ ಕರೆ ಬಂತು. ಒಂದು ಹೈಸ್ಕೂಲಿನ ಕೋಣೆ, ಎಂಟೆಂಟು ಜನರ ತಂಡ, ಪ್ರತಿ ತಂಡಕ್ಕೆ ಒಬ್ಬರು ಮುಖ್ಯ ಪರೀಕ್ಷಕರು. ಕಿಟಕಿಯಿಂದ ಬೆಂಕಿಯಂಥ ಗಾಳಿ. ಪಂಖ ತಿರುಗಿದರೆ ಹಾಳೆ ಹಾರುತ್ತವೆಂದು ಅದನ್ನೂ ಸಣ್ಣಗೆ ಇಟ್ಟಿದ್ದರು. ಪ್ರತಿಯೊಬ್ಬರ ಮುಂದೆ ಉತ್ತರಸೂಚಿ. ಯಾವ ಪ್ರಶ್ನೆಗೆ ಯಾವ ಅಂಶಗಳು, ಅಂಶಕ್ಕೆ ಎಷ್ಟು ಅಂಕ ಎಂದು ಅಚ್ಚು ಹಾಕಿದ ನಾಲ್ಕು ಪುಟ. ಪತ್ರಿಕೆಗಳು ಬೇರೆ ಜಿಲ್ಲೆಯವು, ಹೆಸರಿಲ್ಲ, ಊರಿಲ್ಲ.

ಎರಡನೇ ದಿನ ನನಗೊಂದು ಪತ್ರಿಕೆ ಬಂತು. ಅಣೆಕಟ್ಟಿನ ಐದು ಉಪಯೋಗ ಬರೆಯಿರಿ ಎಂಬ ಪ್ರಶ್ನೆಗೆ ಆ ಮಗು ನೀರಾವರಿ, ವಿದ್ಯುತ್ತು ಎಂದು ಎರಡು ಬರೆದು ಆಮೇಲೆ ಬರೆದಿತ್ತು: ನಮ್ಮ ಅಜ್ಜನ ಊರು ನೀರಿನಲ್ಲಿ ಹೋಯಿತು. ಈಗ ನಾವು ಇರುವ ಊರಿಗೆ ಆ ಕಾಲುವೆ ಬಂದಿಲ್ಲ. ಆದ್ದರಿಂದ ಉಪಯೋಗ ಯಾರಿಗೆ ಎಂದು ಕೇಳಬೇಕು.

ಪತ್ರಿಕೆ ಹಿಡಿದುಕೊಂಡು ಮುಖ್ಯ ಪರೀಕ್ಷಕರ ಬಳಿ ಹೋದೆ. ವಯಸ್ಸಾದ, ಮೃದು ಮಾತಿನ ಮನುಷ್ಯ. ಪೂರ್ತಿ ಓದಿದರು.

"ಸೂಚಿಯೊಳಗ ಅದ ಏನ್ರಿ?"

"ಇಲ್ರಿ. ಆದ್ರ ಈ ಮಗು ಯೋಚನಾ ಮಾಡ್ಯದ ಸರ್."

"ಹೌದು, ಮಾಡ್ಯದ. ನೀವು ಐದಕ್ಕ ಐದು ಕೊಡ್ತೀರಿ. ಇಂಥದೇ ಇನ್ನೊಂದು ಬಾಜೂಕಿನವ್ರ ಕೈಯಾಗ ಬರ್ತದ, ಅವ್ರು ಎರಡ ಕೊಡ್ತಾರ. ಅದು ಅನ್ಯಾಯ ಅಲ್ಲೇನ್ರಿ? ಎಲ್ಲಾರಿಗೂ ಒಂದೇ ಅಳತಿ ಇರಬೇಕ ಅಂತೇ ಸೂಚಿ ಮಾಡ್ಯಾರ."

ತಪ್ಪೇನಿರಲಿಲ್ಲ ಅವರ ಮಾತಿನಲ್ಲಿ. ವಾಪಸು ಬಂದು ಎರಡು ಅಂಕ ಹಾಕಿದೆ. ಕೈ ತಡೆಯಿತು, ಆದರೂ ಹಾಕಿದೆ. ಮೂರನೇ ದಿನ ಅಂಥದೇ ಒಂದು ಬಂದಾಗ ಎದ್ದು ಹೋಗಲಿಲ್ಲ. ಐದನೇ ದಿನ ಪೂರ್ತಿ ಓದುವುದನ್ನೇ ಬಿಟ್ಟೆ. ಸೂಚಿಯ ಶಬ್ದಗಳನ್ನು ಕಣ್ಣಲ್ಲಿ ಹುಡುಕುವುದು, ಸಿಕ್ಕರೆ ಟಿಕ್ಕು, ಇಲ್ಲವಾದರೆ ಗೆರೆ. ದಿನಕ್ಕೆ ಇಷ್ಟು ಪತ್ರಿಕೆ ಮುಗಿಸಬೇಕಿತ್ತು. ಆ ಹತ್ತು ದಿನಗಳಲ್ಲಿ ನಾನು ಒಂದು ಸಲವೂ ಸುಜಾತಾಳನ್ನು ನೆನೆಯಲಿಲ್ಲ. ಬೇರೆ ಊರಿನ ಇಂಥದೇ ಕೋಣೆಯಲ್ಲಿ ನನ್ನಂಥವಳೇ ಒಬ್ಬಳು ಅವಳ ಪತ್ರಿಕೆಯ ಮೇಲೆ ಗೆರೆ ಎಳೆಯುತ್ತಿರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಫಲಿತಾಂಶ ಬಂದಾಗ ನಾನು ಬಸವಕಲ್ಯಾಣದಲ್ಲಿದ್ದೆ. ಮರುದಿನ ಮೊದಲ ಬಸ್ಸು ಹತ್ತಿ ಬಂದೆ. ವೈಜಿನಾಥ ಮಾಸ್ತರರು ಪಟ್ಟಿಯನ್ನು ನನ್ನ ಕಡೆ ತಿರುಗಿಸಿದರು. ಸುಜಾತಾ ಪಾಸಾಗಿದ್ದಳು. ವಿಜ್ಞಾನದಲ್ಲಿ ಎಪ್ಪತ್ತು, ಕನ್ನಡದಲ್ಲಿ ಎಂಬತ್ತೆಂಟು. ಸಮಾಜದಲ್ಲಿ ನಲವತ್ತೊಂದು. ಮೊದಲ ದರ್ಜೆಗೆ ಏಳು ಅಂಕ ಕಡಿಮೆ. ನನ್ನ ವಿಷಯದಲ್ಲಿ ನಲವತ್ತೆಂಟು ಬಂದಿದ್ದರೂ ಸಾಕಿತ್ತು.

ಅವಳು ವರಾಂಡದಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಅಳುತ್ತಿರಲಿಲ್ಲ.

"ಯಾವ ಸವಾಲಕ್ಕ ಏನ ಬರದಿದ್ದಿ, ನೆನಪದನು?" ಎಂದು ಪಕ್ಕದಲ್ಲಿ ಕೂತೆ.

ಎಲ್ಲ ನೆನಪಿತ್ತು. ಮೊದಲ ಪ್ರಶ್ನೆಯಿಂದ ಹೇಳುತ್ತ ಹೋದಳು. ಗ್ರಾಮ ಪಂಚಾಯತಿಯ ಕೆಲಸಗಳನ್ನು ಬರೆಯಿರಿ ಎಂದಿದ್ದಕ್ಕೆ, ಕಾಗದದ ಮೇಲಿನ ಕೆಲಸಗಳು, ತಮ್ಮ ಓಣಿಯಲ್ಲಿ ಆದ ಕೆಲಸಗಳು ಎಂದು ಬೇರೆ ಬೇರೆ ಮಾಡಿ ಬರೆದಿದ್ದಳು. ಒಂದು ರಾಜವಂಶದ ಕಾಲವನ್ನು ಸುವರ್ಣಯುಗ ಎನ್ನಲು ಕಾರಣ ಕೊಡಿ ಎಂಬುದಕ್ಕೆ ಏನು ಬರೆದೆ ಎಂದು ಕೇಳಿದೆ.

"ಗುಡಿ ಕಟ್ಟಿಸಿದ್ದು ಬರದೀನ್ರಿ. ಆಮ್ಯಾಲ, ಇದು ಯಾರಿಗಿ ಸುವರ್ಣಯುಗ ಅಂತ ಪುಸ್ತಕದಾಗ ಇಲ್ಲ, ಕಲ್ಲ ಹೊತ್ತವ್ರ ಸುದ್ದಿ ಒಂದ ಸಾಲೂ ಇಲ್ಲ, ಅದು ಗೊತ್ತಾಗೋತನಕ ಸುವರ್ಣಯುಗ ಅಂತ ಪೂರಾ ಹೇಳಲಿಕ್ಕ ಬರೂದಿಲ್ಲ ಅಂತ ಬರದೀನಿ."

ಅವಳು ಹೇಳುತ್ತಿದ್ದಳು. ನನ್ನ ತಲೆಯಲ್ಲಿ ಗುಲಬರ್ಗಾದ ಆ ನಾಲ್ಕು ಪುಟ ತೆರೆದುಕೊಂಡಿತ್ತು. ಸಾಹಿತ್ಯ, ವಾಸ್ತುಶಿಲ್ಪ, ವ್ಯಾಪಾರ, ಧರ್ಮಸಹಿಷ್ಣುತೆ. ನಾಲ್ಕರಲ್ಲಿ ಒಂದು. ಪಂಚಾಯತಿಗೆ ಎರಡು. ಕಾರಖಾನೆಗೆ ಎರಡು. ನಕಾಶೆ ಸೊನ್ನೆ. ಅವಳು ಮುಗಿಸುವಷ್ಟರಲ್ಲಿ ನಾನೂ ಮುಗಿಸಿದ್ದೆ. ನನ್ನ ಲೆಕ್ಕಕ್ಕೆ ನಲವತ್ತು ಬಂತು. ಅವಳ ಪತ್ರಿಕೆ ತಿದ್ದಿದವರು ಯಾರೋ, ನನಗಿಂತ ಒಂದು ಅಂಕ ಉದಾರವಾಗಿದ್ದರು.

"ನಾ ತಪ್ಪ ಬರದೀನೇನ್ರಿ ಮೇಡಂ?"

"ಇಲ್ಲವ್ವ."

"ಮತ್ತ?"

ಗುಲಬರ್ಗಾದಲ್ಲಿ ನಾನೂ ಹಾಗೇ ಗೆರೆ ಎಳೆದು ಬಂದೆ ಎಂದು ಆಗ ಹೇಳಬೇಕಿತ್ತು. ಹೇಳಲಿಲ್ಲ. ಇವತ್ತಿನವರೆಗೂ ಅವಳಿಗೆ ಅದು ಗೊತ್ತಿಲ್ಲ.

ಮರುಎಣಿಕೆಗೆ ಅರ್ಜಿ ಹಾಕಿಸಿದೆವು. ಅಂಕಗಳ ಮೊತ್ತ ಸರಿಯಿದೆ ಎಂದು ಒಂದು ಸಾಲಿನ ಉತ್ತರ ಬಂತು. ಆಗ ಅಷ್ಟೇ ಇದ್ದದ್ದು. ಕೂಡಿಸಿದ್ದು ತಪ್ಪೇ ಎಂದು ಕೇಳಬಹುದಿತ್ತು, ತಿದ್ದಿದ್ದು ತಪ್ಪೇ ಎಂದು ಕೇಳುವಂತಿರಲಿಲ್ಲ.

ಜೂನ್ ಮೊದಲ ವಾರ ನಾಲಾ ದಾಟಿ ಅವಳ ಮನೆಗೆ ಹೋದೆ. ಘಾಳೆಪ್ಪ ಕೆಲಸದಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದ. ಚಾಪೆ ಹಾಸಿ ಕೂರಿಸಿ, ಹೆಂಡತಿಗೆ ಚಹಾ ಇಡಲು ಹೇಳಿದ. ಒಳಗೆ ಬುದ್ಧನ ಪಟದ ಕೆಳಗೆ ಸುಜಾತಾಳ ಪುಸ್ತಕಗಳು ಒಪ್ಪವಾಗಿ ಜೋಡಿಸಿದ್ದವು. ಅವಳು ಒಲೆಯ ಹತ್ತಿರವಿದ್ದಳು. ಅವಳ ತಂಗಿ ರೇಖಾ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಇನ್ನೂ ಹದಿನಾರು ಆಕಿಗೆ" ಎಂದೆ. "ಕಾನೂನಿನಾಗೂ ಬರೂದಿಲ್ಲ. ಎರಡ ವರ್ಷ ತಡೀರಿ. ಫಸ್ಟ್ ಕ್ಲಾಸ್ ಇಲ್ಲಂದ್ರೂ ಕಾಲೇಜಿಗೆ ಸೇರಿಸಬಹುದು, ನಾನು..."

"ಮೇಡಂ, ಹಾಸ್ಟೆಲ್ ಸೀಟ್ ಹೋಯ್ತು. ದಿನಾ ಬಸ್ಸಿನ್ಯಾಗ ಕಳಸ್ಲಿಕ್ಕ ನನ್ನ ಕೈಲಿ ಆಗೂದಿಲ್ಲ. ಭಾವಗ ಮಾತ ಕೊಟ್ಟೀನಿ, ತಾರೀಖ ಗೊತ್ತಾಗ್ಯದ." ಅವನು ಟವೆಲಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದ. "ನನಗ ಒಂದ ತಿಳಿವಲ್ದು. ನೀವೇ ಹೇಳಿದ್ರಿ, ಇಂಥ ಹುಷಾರ್ ಹುಡುಗಿ ನೋಡಿಲ್ಲಂತ. ಹುಷಾರ್ ಇದ್ರ ಯಾಕ ಬರಲಿಲ್ಲ?"

"ಪುಸ್ತಕದಾಗ ಇದ್ದಂಗ ಬರೀಲಿಲ್ಲ, ಅದಕ್ಕ."

"ಪುಸ್ತಕ ಬಿಟ್ಟು ಬರೀ ಅಂತ ಆಕಿಗಿ ಯಾರ ಹೇಳಿದ್ರು?"

"ನಾನು."

ಅವನು ನನ್ನ ಮುಖ ನೋಡಿದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ಒಳಗೆ ತಿರುಗಿ, "ಚಾ ತರ್ರಿ, ಮೇಡಮ್ಮಗ ಬಸ್ಸ ತಪ್ತದ" ಎಂದ. ಸುಜಾತಾ ಚಹಾ ತಂದುಕೊಟ್ಟಳು. ಎಲ್ಲ ಕೇಳಿಸಿಕೊಂಡಿದ್ದಳು. "ಮೇಡಂ ಹೇಳದಿದ್ರೂ ನಾ ಹಂಗೇ ಬರೀತಿದ್ನೇನೋ ಅಪ್ಪಾ" ಎಂದಳು, ನನ್ನ ಕಡೆ ನೋಡದೆ, ಅವನ ಕಡೆಯೂ ನೋಡದೆ.

ಮದುವೆಗೆ ನಾನು ಹೋಗಲಿಲ್ಲ. ಬಸವಕಲ್ಯಾಣದಲ್ಲಿ ಜ್ವರ ಬಂದಿದೆ ಎಂದು ಹೇಳಿಕಳಿಸಿ ಮನೆಯಲ್ಲೇ ಕೂತೆ. ಜ್ವರವೇನೂ ಇರಲಿಲ್ಲ. ಬಿಳಿ ಸೀರೆ ಉಟ್ಟು ಚೆಂದ ಕಾಣುತ್ತಿದ್ದಳೆಂದೂ, ಹೋಗುವಾಗ ಸಮಾಜದ ಪುಸ್ತಕವನ್ನು ತಂಗಿಗೆ ಕೊಟ್ಟು ಹೋದಳೆಂದೂ ತರಗತಿಯ ಹುಡುಗಿಯರು ಆಮೇಲೆ ಹೇಳಿದರು.

ಆ ಜೂನ್‌ನಲ್ಲಿ ರೇಖಾ ನಮ್ಮ ಶಾಲೆಗೆ ಎಂಟನೆಯ ತರಗತಿಗೆ ಬಂದಳು. ಅಕ್ಕನಂತೆಯೇ ಸಣಕಲು, ಕೊನೆಯ ಬೆಂಚಿನಲ್ಲೇ ಕೂರುತ್ತಿದ್ದಳು. ನಾನು ಚೌಕಗಳನ್ನು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ವಾರಕ್ಕೊಂದು ಮಾಡಿಸುತ್ತಿದ್ದೆ. ಮಕ್ಕಳು ಮಾತಾಡಿದರೆ ಸಂತೋಷವಾಗುತ್ತಿತ್ತು, ಅದರ ಹಿಂದೆಯೇ ಅಂಜಿಕೆಯಾಗುತ್ತಿತ್ತು.

ದಸರಾ ರಜೆ ಮುಗಿದ ವಾರ ಸುಜಾತಾ ಶಾಲೆಯ ಗೇಟಿಗೆ ಬಂದಳು. ಬಸುರಿ. ಹಸಿರು ಬಳೆ, ತಲೆಯ ಮೇಲೆ ಸೆರಗು. ನಾಲ್ಕು ತಿಂಗಳಲ್ಲಿ ಮಾತಿಗೆ ಮರಾಠಿಯ ಎಳೆ ಹತ್ತಿತ್ತು. ಒಳಗೆ ಬಾ ಎಂದರೆ ಬರಲಿಲ್ಲ.

"ಹ್ಯಾಂಗಿದ್ದಿ?"

"ಛಲೋ ಇದೀನ್ರಿ. ಮನ್ಯಾಗ ಛಲೋ ನೋಡ್ಕೋತಾರ." ಸ್ವಲ್ಪ ತಡೆದು ನಕ್ಕಳು. "ಏನರ ಕೇಳಿದ್ರ ಮಾತ್ರ ನಗ್ತಾರ. ಹಿಂಗ್ಯಾಕ, ಹಂಗ್ಯಾಕ ಅಂತ ಕೇಳ್ತೀನಂತ ಅತ್ತಿ ನನಗ ಮಾಸ್ತರ್ನಿ ಅಂತಾಳ. ಬಿಡಬೇಕಂದ್ರೂ ಬಿಡಲಿಕ್ಕ ಬರವಲ್ದ್ರಿ ಅದು."

ನಾನು ಏನೋ ಹೇಳಲು ಹೋದೆ. ಅವಳು ಗೇಟಿನ ಸರಳು ಹಿಡಿದುಕೊಂಡಳು.

"ಮೇಡಂ, ಒಂದ ಮಾತ ಕೇಳಲಿಕ್ಕ ಬಂದೀನಿ. ರೇಖಾಗ ನನಗ ಕಲಿಸಿದಂಗ ಕಲಿಸಬ್ಯಾಡ್ರಿ."

ರಸ್ತೆಯಲ್ಲಿ ಒಂದು ಟ್ಯಾಂಕರು ಹೋಯಿತು.

"ನನ್ನ ಮ್ಯಾಲ ಸಿಟ್ಟದನು?"

"ಸಿಟ್ಟಿಲ್ರಿ. ನಿಮ್ಮಾಣಿ ಇಲ್ಲ. ಆ ವರ್ಷದಂಥ ವರ್ಷ ನನಗ ಮತ್ತ ಬರೂದಿಲ್ಲ. ಅದಕ್ಕೇ ಹೇಳಾಕತ್ತೀನಿ. ಅಪ್ಪ ಆಕಿದೂ ಅದೇ ಮಾತ ಇಟ್ಟಾನ, ಫಸ್ಟ್ ಕ್ಲಾಸ್ ಬಂದ್ರ ಕಾಲೇಜು. ಆಕಿಗಿ ಬರಸ್ರಿ ಸಾಕು. ಒಂದು, ಎರಡು, ಮೂರು ಅಂತ ನಂಬರ್ ಹಾಕಿ ಬರಸ್ರಿ."

ತಲೆಯಾಡಿಸಿದೆ. ಅವಳು ಬಗ್ಗಿ ನನ್ನ ಕಾಲು ಮುಟ್ಟಲು ಬಂದಳು. ತಡೆದೆ. ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ನಾಲಾದ ದಾರಿ ಹಿಡಿದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ. ಮೂರು ಮಕ್ಕಳಿದ್ದಾರೆ, ಕಬ್ಬು ಕಡಿಯುವ ಹಂಗಾಮಿಗೆ ಗಂಡನೊಡನೆ ದೂರದೂರ ಹೋಗುತ್ತಾಳೆ ಎಂದು ಒಂದೆರಡು ಸಲ ಕೇಳಿದ್ದೇನೆ. ನಾನೇ ಹೋಗಿ ನೋಡುವ ಧೈರ್ಯ ಮಾಡಲಿಲ್ಲ.

ಮರುದಿನ ಎಂಟನೆಯ ತರಗತಿಗೆ ಗೈಡು ಹಿಡಿದುಕೊಂಡು ಹೋದೆ. "ನೋಟುಬುಕ್ ತಗೀರಿ" ಎಂದೆ. ಮಕ್ಕಳು ತೆಗೆದರು. ಪ್ರಶ್ನೆ ಬರೆಸಿದೆ. ಉತ್ತರದ ಮೊದಲನೇ ಅಂಶ ಬರೆಸಿದೆ, ಎರಡನೆಯದು ಬರೆಸಿದೆ. ಆಗ ಕೊನೆಯ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ರೇಖಾ. ಕಣ್ಣು ಸ್ವಲ್ಪ ಕಿರಿದು ಮಾಡಿಕೊಂಡು, ಏನೋ ತಾಳೆ ಬೀಳುತ್ತಿಲ್ಲವೆಂಬಂತೆ ಪುಸ್ತಕದ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡುತ್ತಿದ್ದಳು.

ನಾನು ಆ ಕೈಯನ್ನು ನೋಡಿದೆ. ನೋಡಿಯೂ ಗೈಡಿನತ್ತ ತಲೆ ತಗ್ಗಿಸಿ, ಮೂರನೆಯ ಅಂಶ ಓದಿದೆ. ಕೈ ಇನ್ನೂ ಹಾಗೇ ಇತ್ತು. ನಿಧಾನವಾಗಿ, ಎಲ್ಲರೂ ಬರೆದುಕೊಳ್ಳಲೆಂದು, ಅದನ್ನೇ ಇನ್ನೊಮ್ಮೆ ಓದಿದೆ. ತಲೆ ಎತ್ತುವಷ್ಟರಲ್ಲಿ ಅವಳು ಬರೆಯುತ್ತಿದ್ದಳು.

ಆಮೇಲೆ ಎರಡೂವರೆ ವರ್ಷ ಅವಳು ನನ್ನ ತರಗತಿಯಲ್ಲಿ ಕೈ ಎತ್ತಲಿಲ್ಲ. ಹತ್ತನೆಯದರಲ್ಲಿ ಸಮಾಜಕ್ಕೆ ಎಂಬತ್ತೊಂಬತ್ತು ಬಂತು. ಮೊದಲ ದರ್ಜೆ.